ಬದುವಿಗೆ ಗಿಡದ ಬೇಲಿ: ಹೊರಗ ಯಾವುದು, ಒಳಗ ಯಾವುದು

ಈ ಹೊಲ ನೋಡ್ರಿ. ಕೊಪ್ಪಳ ಸೀಮಿ, ಮಸಾರಿ (ಕೆಂಪು ಮಣ್ಣಿನ) ಭೂಮಿ, ಒಂದು ಎಕರೆ. ಚೌಕ ಹಿಡಿದ್ರ ಸುತ್ತಳತಿ ಸುಮಾರು 835 ಅಡಿ. ಬೇಲಿಗೆ ಎರಡು ಸಾಲು, ಸಾಲಿನಾಗ ಗಿಡದಿಂದ ಗಿಡಕ್ಕ 2 ಅಡಿ, ಎರಡು ಸಾಲಿನ ನಡುವ ಒಂದೂವರಿ ಅಡಿ. ಲೆಕ್ಕ ಹಾಕಿದ್ರ 835 ಗಿಡ ಬೇಕು, ಸತ್ತದ್ದರ ಜಾಗಕ್ಕ ಹಚ್ಚಾಕ ಇನ್ನೊಂದು 80 ಇಟ್ಕೊಳ್ರಿ. ಒಳಸಾಲಿನ ಗಿಡ ಹೊರಸಾಲಿನ ಎರಡು ಗಿಡದ ಸಂದಿಗೆ ಬರಬೇಕು, ಎದುರಾಎದುರ ಬ್ಯಾಡ. ಹೊಲದ ಗಡಿ ತೋರಿಸೋ ಬಾಂದಗಲ್ಲಿಂದ 3 ಅಡಿ ಒಳಗ ಸರಿರಿ. ಕಲ್ಲು ಗಿಡದಾಗ ಮುಚ್ಚಿಹೋದ್ರ ಮುಂದ ಅಳತಿ ಮಾಡಸುವಾಗ ಜಗಳ.

ಬೇಲಿ ಕೆಡೋದು ಗಿಡ ಆರಿಸೋದ್ರಾಗ. ಹೊರಗ ಮುಳ್ಳಿನ ಗಿಡ ಇದ್ರ ಆಡು ಬರೂದಿಲ್ಲ ಅಂತ ಬಾಳ ಮಂದಿ ಬಾರಿ (ಬೋರೆ) ಗಿಡಾನ ಹೊರಗ ಹಚ್ಚತಾರ. ಬಾರಿಯ ಮುಳ್ಳು ಬಲಿಯೋದ್ರೊಳಗ ಆಡು ಚಿಗುರು ಮೇದು ಮುಗಿಸಿರ್ತೈತಿ. ಅದಕ್ಕ ಹೊರಸಾಲಿಗೆ ಆಡು ಬಾಯಿ ಹಾಕದ ಗಿಡ ಇರಲಿ: ತಂಗಡಿ (ಆವರಿಕಿ), ಬಂದರಿಕಿ, ಲಕ್ಕಿ. ಒಳಸಾಲಿಗೆ ಮುಳ್ಳು: ಕವಳಿ ಮತ್ತ ಬಾರಿ. ಒಂದ ಜಾತಿ ಮೂರು ಗಿಡಕ್ಕಿಂತ ಹೆಚ್ಚು ಒತ್ತೊತ್ತಿಗೆ ಬರಬಾರದು, ರೋಗ ಬಂದು ಆ ಜಾತಿ ಸತ್ರ ಅಲ್ಲೇ ಬಾಗಲಾ ಬಿದ್ದಂಗ. ಲಕ್ಕಿ ನೀರು ಇಳಿದು ಬರೋ ತಗ್ಗಿನ ಕಡಿ, ಬಂದರಿಕಿ ಗರಸಿನ ದಿಬ್ಬದ ಕಡಿ. ಗಜ್ಜುಗದ ಮುಳ್ಳುಬಳ್ಳಿ ನಾಲ್ಕು ಮೂಲಿಗೆ ಮಾತ್ರ. ಸಾಲಿನಾಗ ಹಾಕಿದ್ರ ಪಕ್ಕದ ಗಿಡದ ಮ್ಯಾಲ ಹಬ್ಬಿ ಅದನ್ನ ಮುಚ್ಚಿಬಿಡ್ತೈತಿ.

ಬೇವು, ಹೊಂಗಿ 20 ಅಡಿಗೊಂದು ಸಾಕು, ಅದೂ ಉತ್ತರದ ಬದುವಿಗೆ. ಚಳಿಗಾಲದಾಗ ಸೂರ್ಯ ದಕ್ಷಿಣಕ್ಕ ವಾಲಿರ್ತಾನ, ದಕ್ಷಿಣದ ಬದುವಿನಾಗ ಮರ ಇದ್ರ ನೆರಳು ಪೂರ್ತಿ ನಿಮ್ಮ ಹಿಂಗಾರಿ ಬೆಳಿ ಮ್ಯಾಲ. ಉತ್ತರಕ್ಕ ಹಚ್ಚಿದ್ರ ಆಚಿ ಹೊಲಕ್ಕ ಬೀಳ್ತೈತಿ, ಹಂಗಾಗಿ ಅವರನ್ನ ಮೊದಲ ಒಂದು ಮಾತು ಕೇಳ್ರಿ.

ತಂಗಡಿ ಬೀಜದ ಸಿಪ್ಪಿ ಗಟ್ಟಿ. ಕುದಿಯೋ ನೀರು ಒಲಿಯಿಂದ ಇಳಿಸಿ, ಅದರಾಗ ಬೀಜ ಹಾಕಿ, ಮರುದಿನದ ತನಕ ಬಿಡ್ರಿ. ಕವಳಿ ಬೀಜ ಇದರ ಉಲ್ಟಾ. ಹಣ್ಣಿಂದ ತಗದ ಮ್ಯಾಲ ಇಟ್ರ ಮೊಳಕಿ ಒಡಿಯೂದಿಲ್ಲ, ತೊಳದು ಒಂದೆರಡು ದಿನದಾಗ ಹಾಕಿಬಿಡ್ರಿ. ಲಕ್ಕಿಗೆ ಬೀಜ ಬ್ಯಾಡ. ಪೆನ್ಸಿಲ್ ದಪ್ಪದ, ಒಂದು ಅಡಿ ಉದ್ದದ ಕಡ್ಡಿ ಮುಕ್ಕಾಲು ಭಾಗ ಹಸಿ ಮಣ್ಣಾಗ ಊರಿದ್ರ ಚಿಗಿತೈತಿ.

ತಗ್ಗು ಬ್ಯಾಸಿಗಿಯಾಗ ತೋಡ್ರಿ, ಒಂದು ಅಡಿ ಉದ್ದ, ಅಗಲ, ಆಳ. ಮ್ಯಾಲಿನ ಮಣ್ಣಿಗೆ 2 ಕೆಜಿ ತಿಪ್ಪಿಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಹಿಂಡಿ ಗೆದ್ದಲಿಗೆ. ಗೊಬ್ಬರ ಪೂರ್ತಿ ಕಳಿತಿರಬೇಕು, ಯಾಕಂದ್ರ ಜಾಲಿಕಾಯಿ ತಿಂದ ದನ, ಕುರಿ ಸಗಣಿ, ಹಿಕ್ಕಿಯಾಗ ಬಳ್ಳಾರಿ ಜಾಲಿ ಬೀಜ ಜೀವಂತ ಇರ್ತಾವ. ಹಸಿ ಗೊಬ್ಬರ ಹಾಕಿದ್ರ ನಿಮ್ಮ ಕೈಯ್ಯಾರೆ ಜಾಲಿ ಬಿತ್ತಿದಂಗ.

ಹಚ್ಚೋದು ಯಾವಾಗ? ನಮ್ಮ ಕಡಿ ಮಳಿ ವರ್ಷಕ್ಕ 600 ಮಿ.ಮೀ. ಆಸುಪಾಸು, ಜೋರು ಸೆಪ್ಟೆಂಬರ್‌ನಾಗ. ನೀರು ಕೊಡಾಕ ಅನುಕೂಲ ಇದ್ರ ಆರಿದ್ರಿ ಮಳಿಗೆ (ಜೂನ್ ಕೊನಿ) ಹಚ್ರಿ, ಇಲ್ಲಂದ್ರ ಹುಬ್ಬಿ, ಉತ್ತರಿ ಮಳಿ (ಸೆಪ್ಟೆಂಬರ್) ತನಕ ಕಾಯ್ರಿ. ಕಬ್ಬಿಣದ ಸರಳು ಒಂದು ಅಡಿ ಸಲೀಸಾಗಿ ಇಳಿದ್ರ ಮಣ್ಣು ತೊಯ್ದೈತಿ ಅಂತ ಲೆಕ್ಕ. ಸಸಿಯ ಪ್ಲಾಸ್ಟಿಕ್ ಪಾಕೀಟು ಸೀಳಿ ತಗೀರಿ, ತಳದಾಗ ಸುತ್ತಿಕೊಂಡ ಬೇರು ಕತ್ತರಿಸ್ರಿ. ಹಂಗ ಬಿಟ್ರ ಬೇರು ಕೆಳಗ ಇಳಿಯೂದಿಲ್ಲ, ಎರಡನೇ ಬ್ಯಾಸಿಗಿಗೆ ಗಿಡ ಒಣಗತೈತಿ.

ಎರಿ (ಕಪ್ಪು ಮಣ್ಣಿನ) ಭೂಮಿ ಇದ್ದವರು ತಗ್ಗಿನಾಗ ಹಚ್ಚಬ್ಯಾಡ್ರಿ. ಮುಕ್ಕಾಲು ಅಡಿ ಎತ್ತರದ ಏರು ಮಾಡಿ ಅದರ ಮ್ಯಾಲ ಹಚ್ರಿ, ಇಲ್ಲಂದ್ರ ನೀರು ನಿಂತು ಬೇರು ಕೊಳಿತೈತಿ. ಬ್ಯಾಸಿಗಿಯಾಗ ಎರಿ ಬಿರುಕು ಬಿಟ್ಟು ಬೇರು ಹರಿತೈತಿ, ಅದಕ್ಕ ಮ್ಯಾಲಿನ ಮಣ್ಣು ಕೆದರಿ ಜೋಳದ ಕೊಯ್ಯಿ ಹಾಸ್ರಿ. ಸಿಂಧನೂರು, ಗಂಗಾವತಿ ಕಡಿ ಕಾಲುವಿ ನೀರಿಂದ ಸವಳಾದ ಹೊಲದಾಗ ಹೊಂಗಿ ತಡಕೊಳ್ತೈತಿ.

ಮೊದಲ ಬ್ಯಾಸಿಗಿ ಫೆಬ್ರವರಿಯಿಂದ ಮೇ ತನಕ ಎಂಟು ದಿನಕ್ಕೊಮ್ಮಿ ಗಿಡಕ್ಕ 5 ಲೀಟರ್ ನೀರು. ಕವಳಿ ವರ್ಷ ಆದ್ರೂ ಅಲ್ಲೇ ಕುಂತಂಗ ಕಾಣಸ್ತೈತಿ, ಸತ್ತೈತಿ ಅಂತ ಕೀಳಬ್ಯಾಡ್ರಿ.

ಗಿಡ ಎರಡು ಅಡಿ ಬಂದ ಕೂಡಲೇ, ಮಳಿಗಾಲದಾಗ, ಒಂದು ಅಡಿಗೆ ಕತ್ತರಿಸ್ರಿ. ಕೈ ಬರೂದಿಲ್ಲ ಖರೇ, ಆದ್ರ ಕತ್ತರಿಸದ ಗಿಡ ಕೋಲಿನಂಗ ಮ್ಯಾಲ ಹೋಗತೈತಿ, ಬುಡದಾಗ ನಾಯಿ, ಹಂದಿ ನುಗ್ಗತಾವ. ಮರುವರ್ಷ ಎರಡು ಅಡಿಗೆ. ಬೆಳದ ಬೇಲಿ ಬುಡ 3 ಅಡಿ, ತಲಿ 2 ಅಡಿ ಅಗಲ ಇರಲಿ. ತಲಿ ಅಗಲಾದ್ರ ಬುಡಕ್ಕ ಬಿಸಿಲು ಬೀಳದ ಎಲಿ ಉದುರತಾವ. ದಟ್ಟ ಆಗಾಕ 3-4 ವರ್ಷ ಬೇಕು.

ಅಲ್ಲಿತನಕ ಕಾವಲಿಗೆ ಬಳ್ಳಾರಿ ಜಾಲೀನ ಕಡೀರಿ. ಹೆಸರು ಬಳ್ಳಾರಿದು, ತವರು ಅಮೆರಿಕ ಖಂಡ. ಕಾಯಿ ಇಲ್ಲದ ಟೊಂಗಿ ಆರಿಸಿ ಹೊರಸಾಲಿನ ಮುಂದ ಎರಡು ಅಡಿ ಬಿಟ್ಟು ಒಟ್ರಿ, ಅದು ಒಣಗಿ ಕುಸಿದಂಗ ಹೊಸ ಟೊಂಗಿ ಹಾಕ್ರಿ. ಸಂದ್ಯಾಗ ಜಾಲಿ ಸಸಿ ಕಂಡ್ರ ಮಣ್ಣು ಹಸಿ ಇದ್ದಾಗ್ಲೇ ಬೇರಸಮೇತ ಕೀಳ್ರಿ. ಬಲಿತಿದ್ರ ನೆಲದಿಂದ ಅರ್ಧ ಅಡಿ ಕೆಳಗ ಕಡೀಬೇಕು, ಮ್ಯಾಲ ಕಡಿದ್ರ ಒಂದಕ್ಕ ನಾಲ್ಕು ಚಿಗಿತಾವ.