ಗಾಳಿ ಬೀಸದ ಕಡಲತೀರ

ಕೇಳುಗರೇ, ನಮಸ್ಕಾರ.

ಗ್ರೀಕ್ ರುದ್ರನಾಟಕಗಳಲ್ಲಿ ರಂಗದ ಮೇಲೆಯೇ ಸಾವು ನಡೆಯುವುದು ಬಲು ಅಪರೂಪ. ಕೊಲೆಯಾಗುವುದು ಅರಮನೆಯ ಒಳಗೆ, ಇಲ್ಲವೇ ಎಲ್ಲೋ ದೂರದಲ್ಲಿ. ಆಮೇಲೆ ದೂತನೊಬ್ಬ ಏದುಸಿರು ಬಿಡುತ್ತ ಬಂದು ಕಂಡದ್ದನ್ನು ಹೇಳುತ್ತಾನೆ. ಈಗ ಮೈಕಿನ ಮುಂದೆ ಕೂತು ನಾನು ಮಾಡುತ್ತಿರುವುದೂ ಅದೇ ಕೆಲಸ ಅನ್ನಿ. ಬಾನುಲಿಗೆ ದೂತ ಒಗ್ಗುತ್ತಾನೆ. ಸಿನಿಮಾಕ್ಕೆ? ಕೈಯಲ್ಲಿ ಕ್ಯಾಮೆರಾ ಇಟ್ಟುಕೊಂಡೂ “ಅಲ್ಲಿ ಹೀಗಾಯಿತಂತೆ” ಎಂದರೆ ಪ್ರೇಕ್ಷಕ ಎದ್ದು ಹೋದಾನು. ಎಲ್ಲವನ್ನೂ ತೋರಿಸಿಬಿಟ್ಟರೋ, ನಾಟಕದ ಬಿಗಿಯೇ ಸಡಿಲವಾಗುತ್ತದೆ.

ಈ ಇಕ್ಕಟ್ಟಿಗೆ ಮತ್ತೆ ಮತ್ತೆ ಕೈಹಾಕಿದವರು ಸೈಪ್ರಸ್‌ನಲ್ಲಿ ಹುಟ್ಟಿದ ನಿರ್ದೇಶಕ ಮೈಕೆಲ್ ಕಕೋಯಾನಿಸ್. ಪ್ರಾಚೀನ ಗ್ರೀಕ್ ನಾಟಕಕಾರ ಯೂರಿಪಿಡೀಸನ ಮೂರು ನಾಟಕಗಳನ್ನು ಅವರು ತೆರೆಗೆ ತಂದರು. 1971ರ ‘ದಿ ಟ್ರೋಜನ್ ವಿಮೆನ್’ ಇಂಗ್ಲಿಷಿನದು. ಹೆಸರಾಂತ ತಾರೆಯರಿದ್ದರೂ ನನಗೆ ಅದರಲ್ಲಿ ಮಾತೇ ಹೆಚ್ಚಾಯಿತು ಅನ್ನಿಸಿತು. ಉಳಿದೆರಡು ಗ್ರೀಕ್ ಭಾಷೆಯವು.

1962ರ ‘ಎಲೆಕ್ಟ್ರಾ’ ನೋಡಿ. ನಾಟಕದಲ್ಲಿ ಒಬ್ಬ ಬಡ ರೈತ ಬಂದು ಹಿಂದಿನ ಕಥೆಯನ್ನೆಲ್ಲ ಒಪ್ಪಿಸುತ್ತಾನೆ. ಚಿತ್ರದಲ್ಲಿ ಟ್ರಾಯ್ ನಗರದ ಯುದ್ಧ ಗೆದ್ದ ದೊರೆ, ಎಲೆಕ್ಟ್ರಾಳ ಅಪ್ಪ ಆಗಮೆಮ್ನನ್ ಮನೆಗೆ ಬರುತ್ತಾನೆ, ಸ್ನಾನಕ್ಕಿಳಿಯುತ್ತಾನೆ, ಅಲ್ಲೇ ಕೊಲೆಯಾಗುತ್ತಾನೆ. ಅಷ್ಟು ಹೊತ್ತೂ ಒಂದು ಮಾತಿಲ್ಲ. ಮೇಳದವರೋ, ಅಂದರೆ ನಾಟಕದ ನಡುವೆ ಒಟ್ಟಾಗಿ ಹಾಡುವ ಗುಂಪಿನವರೋ, ಕರಿಬಟ್ಟೆಯುಟ್ಟ ಹಳ್ಳಿಯ ಹೆಂಗಸರು. ಒಣ ಬಯಲಿನಲ್ಲಿ ಗುಂಪುಗೂಡುತ್ತಾರೆ, ಚದುರುತ್ತಾರೆ. ಬಿ.ಎಂ.ಶ್ರೀಯವರು ಇನ್ನೊಬ್ಬ ಗ್ರೀಕ್ ನಾಟಕಕಾರ ಸಾಫೊಕ್ಲಿಸನ ಅಜಾಕ್ಸ್‌ನನ್ನು ‘ಅಶ್ವತ್ಥಾಮನ್’ ಮಾಡಿದಾಗ ಕಥೆಯನ್ನೇ ಮಹಾಭಾರತಕ್ಕೆ ತರಬೇಕಾಯಿತು. ಕಕೋಯಾನಿಸ್‌ಗೆ ಆ ಕಷ್ಟವಿರಲಿಲ್ಲ. ಕಲ್ಲು, ಬಿಸಿಲು, ಕಡಲು ಎಲ್ಲ ಅಲ್ಲೇ ಇದ್ದವು.

ನನ್ನ ಮನಸ್ಸು ಹೆಚ್ಚು ನಿಲ್ಲುವುದು 1977ರ ‘ಇಫಿಜೀನಿಯಾ’ದ ಮೇಲೆ. ಟ್ರಾಯ್‌ಗೆ ಹೊರಟ ಸೈನ್ಯ ಔಲಿಸ್ ತೀರದಲ್ಲಿ ಕೂತಿದೆ. ಗಾಳಿ ಇಲ್ಲ, ಹಡಗು ಕದಲುವುದಿಲ್ಲ. ದೊರೆ ಆಗಮೆಮ್ನನ್ ತನ್ನ ಮಗಳು ಇಫಿಜೀನಿಯಾಳನ್ನೇ ದೇವತೆಗೆ ಬಲಿ ಕೊಟ್ಟರೆ ಗಾಳಿ ಬೀಸುತ್ತದಂತೆ. ರಂಗದ ಮೇಲೆ ‘ಗಾಳಿ ಇಲ್ಲ’ ಎಂಬುದು ಬರೀ ಮಾತು. ಇಲ್ಲಿ ಅದು ಸುಡುವ ಮರಳು, ಬೆವರಿದ ಮೈ, ಕೆಲಸವಿಲ್ಲದೆ ಕೆರಳುತ್ತಿರುವ ಗಂಡಸರು. ಮೂಲದಲ್ಲಿ ಸೇನೆಯನ್ನು ನೋಡಲು ಬಂದ ಹೆಂಗಸರ ಮೇಳವಿತ್ತು. ಚಿತ್ರದಲ್ಲಿ ಆ ಜಾಗವನ್ನು ಸೈನಿಕರ ಗದ್ದಲವೇ ತುಂಬುತ್ತದೆ. ದೊರೆ ಹೆದರುವುದು ದೇವತೆಗೋ ಈ ಗುಂಪಿಗೋ?

ಇನ್ನು ಮುಖ. ಅಥೆನ್ಸಿನ ನಟರು ಮುಖವಾಡ ಧರಿಸುತ್ತಿದ್ದರು, ಹೆಣ್ಣಿನ ಪಾತ್ರವೂ ಗಂಡಸರದೇ. ಚಿತ್ರದಲ್ಲಿ ತಾಯಿ ಕ್ಲಿಟೆಮ್ನೆಸ್ಟ್ರಾ ಆದವರು ಐರೀನ್ ಪಪಾಸ್. ಆ ದಟ್ಟ ಹುಬ್ಬು, ಆ ಕಣ್ಣು ತೆರೆಯ ತುಂಬ ಬಂದಾಗ ಸಂಭಾಷಣೆ ಅರ್ಧಕ್ಕರ್ಧ ಬೇಡವಾಗುತ್ತದೆ.

ಕೊನೆಗೆ ಬರೋಣ. ಇಂದು ಉಳಿದಿರುವ ನಾಟಕದಲ್ಲಿ ದೂತ ಬಂದು, ಬಲಿಪೀಠದ ಮೇಲೆ ಹುಡುಗಿ ಮಾಯವಾಗಿ ಜಿಂಕೆ ಬಿದ್ದಿತ್ತು ಎನ್ನುತ್ತಾನೆ. ಈ ಭಾಗ ಆಮೇಲೆ ಯಾರೋ ಸೇರಿಸಿದ್ದೆಂದು ಹಲವು ವಿದ್ವಾಂಸರ ಅಭಿಪ್ರಾಯ. ಕಕೋಯಾನಿಸ್ ಜಿಂಕೆಯನ್ನು ಬಿಟ್ಟರು, ದೂತನನ್ನೂ ಬಿಟ್ಟರು. ಹುಡುಗಿ ಮೆಟ್ಟಿಲು ಹತ್ತುತ್ತಿರುವಾಗಲೇ ಗಾಳಿ ಏಳುತ್ತದೆ! ಬಲಿಗೆ ಮೊದಲೇ. ಅಪ್ಪ ಹಿಂದಿನಿಂದ ಓಡುತ್ತಾನೆ. ಮೇಲೆ ಏನಾಯಿತೆಂದು ಕ್ಯಾಮೆರಾ ತೋರಿಸುವುದಿಲ್ಲ, ಅವನ ಮುಖವನ್ನಷ್ಟೇ ತೋರಿಸುತ್ತದೆ. ಆಮೇಲೆ ಮನೆಯ ದಾರಿ ಹಿಡಿದ ತಾಯಿ ದೂರದಿಂದ ಕಡಲನ್ನು ನೋಡುತ್ತಾಳೆ. ಹಡಗುಗಳು ಹೊರಟಿವೆ.