‘ಜೇನ್ ಏರ್’ ಓದುವಾಗ ಜಮೈಕಾ ಮೇಲೆ ಕಣ್ಣಿಡಿ

[ಪರದೆ: ಅಟ್ಲಾಂಟಿಕ್ ಸಾಗರದ ನಕ್ಷೆ]

ನಮಸ್ಕಾರ. ಶಾರ್ಲೆಟ್ ಬ್ರಾಂಟೆಯ ‘ಜೇನ್ ಏರ್’ 1847ರಲ್ಲಿ ಬಂತು. ಅಪ್ಪಟ ಇಂಗ್ಲೆಂಡಿನ ಕತೆ ಅಂತಲೇ ಎಲ್ಲರೂ ಓದ್ತೀವಿ. ಈ ಸಲ ಕೈಯಲ್ಲಿ ಪೆನ್ಸಿಲ್ ಇರಲಿ. ಊರಿನ ಹೆಸರು, ದುಡ್ಡಿನ ಮೊತ್ತ, ಹವಾಮಾನ ಬಂದಲ್ಲೆಲ್ಲ ಗೆರೆ ಎಳೆಯಿರಿ.

ಮೊದಲು ದುಡ್ಡು. ನಾಯಕಿ ಜೇನ್ ಪ್ರೀತಿಸುವ ರೋಚೆಸ್ಟರ್ ಹಿಂದೆ ಬರ್ತಾ ಮೇಸನ್ ಜೊತೆ ಮೊದಲ ಮದುವೆಗೆ ಒಪ್ಪಿದ್ದರ ಹಿಂದೆ, ಆಗ ಬ್ರಿಟಿಷ್ ವಸಾಹತಾಗಿದ್ದ ಜಮೈಕಾದ 30,000 ಪೌಂಡ್ ಇದೆ. ಜೇನ್‌ಗೆ ಸಿಗುವ 20,000 ಪೌಂಡ್ ಮಡೀರಾ ದ್ವೀಪದಲ್ಲಿದ್ದ ಅವಳ ತಂದೆಯ ಸೋದರನದು. ಆತ ಜಮೈಕಾದ ಅದೇ ಮೇಸನ್ ಮನೆತನದ, ಅಂದರೆ ಬರ್ತಾಳ ತವರಿನ, ವ್ಯಾಪಾರ ಪ್ರತಿನಿಧಿ! ಅಂದರೆ ನಾಯಕಿಯ ಸ್ವಾತಂತ್ರ್ಯಕ್ಕೂ ವಸಾಹತಿನ ನಂಟಿದೆ.

[ಪರದೆ: ಅಧ್ಯಾಯ 27]

ಈಗ ಹವಾಮಾನ. ಜಮೈಕಾದ ಧಗೆಯ ರಾತ್ರಿ, ಸೊಳ್ಳೆ ಕಾಟ, ಹುಚ್ಚು ಹಿಡಿದಿದೆ ಅಂತ ಆಮೇಲೆ ಇಂಗ್ಲೆಂಡಿನ ಮನೆಯ ಅಟ್ಟದಲ್ಲಿ ಕೂಡಿಹಾಕುವ ಹೆಂಡತಿಯ ಕೂಗು. ಇದು ನರಕ ಅಂತ ರೋಚೆಸ್ಟರ್ ಪಿಸ್ತೂಲು ತೆಗೆಯುತ್ತಾನೆ. ಅಷ್ಟರಲ್ಲಿ ಯುರೋಪಿನ ಕಡೆಯಿಂದ ತಂಗಾಳಿ ಬೀಸಿ ಮನಸ್ಸು ತಿಳಿಯಾಗುತ್ತದೆ. ಗಾಳಿಗೂ ಇಲ್ಲಿ ದೇಶವಿದೆ. ನನ್ನ ಪ್ರಕಾರ ಕಾದಂಬರಿಯಲ್ಲೇ ಅತ್ಯಂತ ನಿಧಾನವಾಗಿ ಓದಬೇಕಾದ ಪುಟವಿದು, ಯಾಕೆಂದರೆ ಹೆಂಡತಿ ಬರ್ತಾಗೆ ಮಾತಾಡಲು ಅವಕಾಶವೇ ಇಲ್ಲ.

[ಪರದೆ: ಡೊಮಿನಿಕಾ]

ಆ ಅವಕಾಶ ಕೊಟ್ಟವರು ಜೀನ್ ರಿಸ್. 1890ರಲ್ಲಿ ಕೆರಿಬಿಯನ್ ದ್ವೀಪ ಡೊಮಿನಿಕಾದಲ್ಲಿ ಹುಟ್ಟಿದವರು. ಬರ್ತಾಳ ಕತೆ ಹೇಳುವ ಅವರ 1966ರ ಕಾದಂಬರಿ ‘ವೈಡ್ ಸಾರ್ಗಾಸೊ ಸೀ’ಯಲ್ಲಿ ಬರ್ತಾ ಎನ್ನುವುದು ಗಂಡ ಹೇರಿದ ಹೆಸರು. ಅವಳು ಆಂಟ್ವನೆಟ್. ತಾಯಿ ಫ್ರೆಂಚರ ದ್ವೀಪ ಮಾರ್ಟಿನಿಕ್‌ನವಳಾದ್ದರಿಂದ ಜಮೈಕಾದ ಬಿಳಿ ಹೆಂಗಸರೇ ಅವರನ್ನು ಹತ್ತಿರ ಸೇರಿಸುವುದಿಲ್ಲ. ಕಪ್ಪು ಜನರಿಗೂ ಇವರು ನಮ್ಮವರಲ್ಲ. ಕೊನೆಗೆ ಅಟ್ಟದಲ್ಲಿ ಬಂದಿಯಾದ ಆಂಟ್ವನೆಟ್, ಇದೇ ಇಂಗ್ಲೆಂಡ್ ಅಂದರೂ ನಂಬುವುದಿಲ್ಲ. ಅವಳ ಕಣ್ಣಿಗೆ ಅದು ರಟ್ಟಿನ ಲೋಕ.

ಓದುಗರು ಎಡವುವುದು ಎರಡು ಕಡೆ. ಒಂದು, ಎರಡೂ ಪುಸ್ತಕಗಳ ಕತೆ ನಡೆಯುವ ಇಸವಿ ಹೊಂದಿಸಲು ಹೋಗುವುದು. ಹೊಂದುವುದಿಲ್ಲ. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದತಿ 1834ರಲ್ಲಿ ಜಾರಿಗೆ ಬಂತು. ರಿಸ್ ಬೇಕೆಂದೇ ಕತೆಯನ್ನು ಅದರ ನಂತರಕ್ಕೆ ತಂದಿದ್ದಾರೆ. ತೋಟದ ಮಾಲೀಕರ ಕುಟುಂಬ ಕುಸಿಯುವುದು ಆಗಲೇ. ಇನ್ನೊಂದು, ರಿಸ್ ಕಾದಂಬರಿಯ ಎರಡನೇ ಭಾಗವೂ ಜಮೈಕಾದಲ್ಲಿ ಅಂದುಕೊಳ್ಳುವುದು. ದ್ವೀಪದ ಹೆಸರನ್ನು ರಿಸ್ ಹೇಳುವುದಿಲ್ಲ, ಆದರೆ ಅಲ್ಲಿ ಬರುವ ಮ್ಯಾಸಕರ್ ಎಂಬ ಹಳ್ಳಿ ಡೊಮಿನಿಕಾದಲ್ಲಿದೆ.

ಭಾರತವೂ ಬ್ರಾಂಟೆಯ ನಕ್ಷೆಯಲ್ಲಿದೆ: ಭಾರತಕ್ಕೆ ಮಿಷನರಿಯಾಗಿ ಹೊರಟ ಜೇನ್‌ಳ ಸೋದರಸಂಬಂಧಿ ಸೇಂಟ್ ಜಾನ್ ರಿವರ್ಸ್ ಜೇನ್‌ಗೆ ಹಿಂದೂಸ್ತಾನಿ ಕಲಿಸುತ್ತಾನೆ.

ಮೊದಲು ಬ್ರಾಂಟೆ ಪೂರ್ತಿ ಓದಿ, ಆಮೇಲೆ ರಿಸ್. ಅದು ಮುಗಿದ ಮೇಲೆ 27ನೇ ಅಧ್ಯಾಯವನ್ನು ಮತ್ತೊಮ್ಮೆ ಓದಿ, ಹೊಸ ಗೆರೆಗಳನ್ನು ಬೇರೆ ಬಣ್ಣದಲ್ಲಿ ಎಳೆಯಿರಿ.