ಅಪ್ಪನ ರಜೆ ಯಾರ ಕೃಪೆ?

ಕೇಳುಗರಿಗೆ ನಮಸ್ಕಾರ.

ಮಗುವನ್ನು ಹೆತ್ತ ತಾಯಿಗೆ ಸಂಬಳಸಹಿತ ರಜೆ ಕೊಡಬೇಕೆಂಬ ಕಾನೂನು ನಮ್ಮ ದೇಶದಲ್ಲಿ 1961ರಲ್ಲೇ ಬಂತು. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳ ಹೆರಿಗೆಗೆ ಆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಆದರೆ ಅದೇ ಮಗುವಿನ ತಂದೆಗೆ ಒಂದು ದಿನದ ರಜೆಯನ್ನಾದರೂ ಕೊಡಲೇಬೇಕೆಂದು ಎಲ್ಲ ಮಾಲೀಕರಿಗೂ ವಿಧಿಸುವ ಕೇಂದ್ರ ಕಾನೂನು ಇಲ್ಲ. ಅಂಥ ಹಕ್ಕನ್ನು ನೀಡಲು 2017ರಲ್ಲಿ ಸಂಸದ ರಾಜೀವ್ ಸಾತವ್ ಅವರು ಮಂಡಿಸಿದ ಖಾಸಗಿ ಮಸೂದೆ ಕಾನೂನಾಗಲಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ತಂದೆಯ ರಜೆಗೆ ಜಾಗ ಸಿಗಲಿಲ್ಲ.

ಇರುವುದು ಸರ್ಕಾರಿ ನೌಕರರ ಸೇವಾ ನಿಯಮಗಳು. ಕೇಂದ್ರ ಸರ್ಕಾರದ 1972ರ ರಜಾ ನಿಯಮಗಳ ಪ್ರಕಾರ, ಇಬ್ಬರಿಗಿಂತ ಕಡಿಮೆ ಮಕ್ಕಳಿರುವ ಪುರುಷ ನೌಕರನು ಹೆರಿಗೆಗೆ 15 ದಿನ ಮುಂಚಿನಿಂದ ಹೆರಿಗೆಯ ನಂತರದ ಆರು ತಿಂಗಳೊಳಗೆ 15 ದಿನಗಳ ಪಿತೃತ್ವ ರಜೆಯನ್ನು ಪಡೆಯಬಹುದು; ಅವಧಿಯೊಳಗೆ ಬಳಸದಿದ್ದರೆ ಅದು ರದ್ದಾಗುತ್ತದೆ. ವರ್ಷದೊಳಗಿನ ಮಗುವನ್ನು ದತ್ತು ಪಡೆದ ತಂದೆಗೂ, 2024ರಿಂದ ಬಾಡಿಗೆ ತಾಯ್ತನದ ಮೂಲಕ ಮಗು ಪಡೆದ ತಂದೆಗೂ ಇಷ್ಟೇ ದಿನಗಳು. ನಮ್ಮ ರಾಜ್ಯ ಸರ್ಕಾರಿ ನೌಕರರಿಗೂ 15 ದಿನಗಳಿವೆ. ಖಾಸಗಿ ಸಂಸ್ಥೆಗಳಲ್ಲಿ ಆಡಳಿತ ಮಂಡಳಿಯ ಮನಸ್ಸೇ ನಿಯಮ. ಗಾರೆ ಕೆಲಸದವನಿಗೂ, ಆ್ಯಪ್ ನಂಬಿ ಊಟ ತಲುಪಿಸುವವನಿಗೂ ಮಗು ಹುಟ್ಟಿದ ದಿನವೆಂದರೆ ಕೂಲಿ ತಪ್ಪಿದ ದಿನ.

ಬಾಣಂತನಕ್ಕೆ ಅಮ್ಮನೋ ಅತ್ತೆಯೋ ಇರುವಾಗ ಗಂಡಸಿಗೆ ಅಲ್ಲೇನು ಕೆಲಸ ಎಂದು ಕೇಳುವವರು ಇಂದಿಗೂ ಇದ್ದಾರೆ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವ ನಮ್ಮ ವಾಡಿಕೆಯಲ್ಲಿ ಬಾಣಂತಿಗೆ ಎಣ್ಣೆನೀರು, ಸಾಂಬ್ರಾಣಿ ಹೊಗೆ, ಪಥ್ಯದ ಊಟ ಎಲ್ಲವೂ ದೊರೆಯುತ್ತವೆ, ಮತ್ತು ಆ ಆರೈಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಮನೆಯಲ್ಲಿ ತಂದೆಯಾದವನು ಭಾನುವಾರ ಬಂದು, ಮಗುವಿನ ಮುಖ ನೋಡಿ, ಊಟ ಮುಗಿಸಿ ಸಂಜೆಯ ಬಸ್ಸು ಹಿಡಿಯುವ ನೆಂಟನಾಗಿಬಿಡುತ್ತಾನೆ. ಇನ್ನು ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿ, ಸಿಸೇರಿಯನ್ ಹೊಲಿಗೆ ಇನ್ನೂ ಮಾಗದ ಹೆಂಡತಿ ಹಾಸಿಗೆಯಿಂದ ಏಳಲು ಒಂದು ಕೈ ಆಸರೆ ಬೇಕಾದಾಗ, ರಾತ್ರಿ ಎರಡು ಗಂಟೆಗೆ ಕೂಸಿನ ಬಟ್ಟೆ ಬದಲಿಸಬೇಕಾದಾಗ ಅಲ್ಲಿರುವವನು ಅವನೊಬ್ಬನೇ. ಬೆಳಗಾದರೆ ಅವನು ಕಚೇರಿಯಲ್ಲಿರಬೇಕು.

ನಮ್ಮ ನಿಯಮಗಳು ತಂದೆಯನ್ನು ಬದಲಿ ಆಟಗಾರನಂತೆ ಕಾಣುತ್ತವೆ ಎಂಬುದೇ ನನ್ನ ಆಕ್ಷೇಪ. 2018ರಲ್ಲಿ ಕೇಂದ್ರ ಸರ್ಕಾರವೂ, 2023ರಲ್ಲಿ ಕರ್ನಾಟಕ ಸರ್ಕಾರವೂ ಶಿಶುಪಾಲನಾ ರಜೆಯನ್ನು ಪುರುಷ ನೌಕರರಿಗೆ ವಿಸ್ತರಿಸಿದವು. ಆದರೆ ಅವಿವಾಹಿತ, ವಿಧುರ ಅಥವಾ ವಿಚ್ಛೇದಿತನಾಗಿ ಒಂಟಿಯಾಗಿ ಮಗುವನ್ನು ಸಾಕುತ್ತಿರುವವನಿಗೆ ಮಾತ್ರ. ಹೆಂಡತಿಯೊಂದಿಗೆ ಬಾಳುವವನಿಗೆ ಆ ರಜೆ ಇಲ್ಲ. ಹೆರದೆ ತಾಯಿಯಾದವಳ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. 2017ರ ತಿದ್ದುಪಡಿಯು ದತ್ತು ತಾಯಿಗೆ 12 ವಾರಗಳ ರಜೆ ಕೊಟ್ಟಿತು, ಜೊತೆಗೆ ಮಗು ಮೂರು ತಿಂಗಳೊಳಗಿನದಾಗಿರಬೇಕು ಎಂಬ ಷರತ್ತನ್ನೂ ಹಾಕಿತು. ಪರಿತ್ಯಕ್ತ ಶಿಶುವನ್ನು ದತ್ತಿಗೆ ಮುಕ್ತವೆಂದು ಘೋಷಿಸಲು ಬಾಲನ್ಯಾಯ ಕಾಯ್ದೆಯೇ ಎರಡು ತಿಂಗಳ ಕಾಲಾವಕಾಶ ಕೊಡುತ್ತದೆ. ಆಮೇಲೆ ಪಾಲಕರ ಹೊಂದಾಣಿಕೆ, ಕಾಗದಪತ್ರ. ಹೀಗಿರುವಾಗ ಮೂರು ತಿಂಗಳೊಳಗೆ ಮಡಿಲು ಸೇರುವ ಕೂಸುಗಳು ಎಷ್ಟಿರಬಹುದು?

ಹಕ್ಕನ್ನು ಕೊಟ್ಟರೂ ಗಂಡಸರು ಬಳಸುವುದಿಲ್ಲವೆಂಬ ವಾದವಿದೆ. ಸ್ವೀಡನ್ 1974ರಲ್ಲಿ ತಂದೆತಾಯಿ ಹಂಚಿಕೊಳ್ಳಬಹುದಾದ ರಜೆಯನ್ನು ತಂದಾಗ ಅಲ್ಲಿಯ ಗಂಡಸರೂ ತಮ್ಮ ಪಾಲನ್ನು ಹೆಂಡತಿಗೇ ಬಿಟ್ಟುಕೊಟ್ಟರು. 1995ರಲ್ಲಿ ಒಂದು ತಿಂಗಳನ್ನು ಪರಭಾರೆ ಮಾಡಲಾಗದಂತೆ ಕಾದಿರಿಸಿದ ಮೇಲೆ ರೂಢಿ ಬದಲಾಯಿತು. ಈಗ 480 ದಿನಗಳಲ್ಲಿ ತಲಾ 90 ದಿನ ಇಬ್ಬರಿಗೂ ಮೀಸಲು. ಅಲ್ಲಿ ಹಣ ಕೊಡುವುದು ಸಾಮಾಜಿಕ ವಿಮೆ. ನಮ್ಮಲ್ಲಿ ಇಎಸ್‌ಐ ಎಂಬ ನೌಕರರ ರಾಜ್ಯ ವಿಮಾ ಯೋಜನೆಯ ವ್ಯಾಪ್ತಿಯ ಹೊರಗೆ ಹೆರಿಗೆ ರಜೆಯ ವೆಚ್ಚವೆಲ್ಲ ಮಾಲೀಕನ ತಲೆಯ ಮೇಲೆ ಬೀಳುವುದರಿಂದ, ಮದುವೆಯಾದ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಆತ ಹಿಂದೆ ಮುಂದೆ ನೋಡುತ್ತಾನೆ. ಗಂಡಸಿಗೂ ರಜೆ ಕಡ್ಡಾಯವಾದರೆ ಆ ಲೆಕ್ಕಾಚಾರ ಸಡಿಲವಾಗುತ್ತದೆ. ತಾಯಿಗೆ ಹೆರಿಗೆ ಭತ್ಯೆ ಕೊಡುತ್ತಿರುವ ಇಎಸ್‌ಐ ನಿಧಿಯಿಂದಲೇ ತಂದೆಗೂ, ದತ್ತು ಪಾಲಕರಿಗೂ ಭತ್ಯೆ ಕೊಡುವುದರಿಂದ ಇದನ್ನು ಆರಂಭಿಸಬಹುದು. ಅದಕ್ಕೆ ಬೇಕಾದ ಕಚೇರಿಗಳೂ, ವಂತಿಗೆಯ ವ್ಯವಸ್ಥೆಯೂ ಈಗಾಗಲೇ ನಮ್ಮಲ್ಲಿವೆ.

ನಮಸ್ಕಾರ.